ಫೈಲು ನನ್ನ ಕೈಗೆ ಬಂದ ಮೇಲೆ ಮನೆ ಮಾರಾಟವಾಯಿತು

ಮೈಸೂರಿನ ಕುವೆಂಪುನಗರದ ನಮ್ಮ ಮನೆ 2025ರ ಆಗಸ್ಟಿನಲ್ಲಿ ರಿಜಿಸ್ಟರ್ ಆಯಿತು. 30-40 ಸೈಟು, ಹಳೇ ಮನೆ, 92 ಲಕ್ಷ. ವಕೀಲರ ಚೇಂಬರಿನಲ್ಲಿ ಸುಮಾರು ಏಳು ತಿಂಗಳು ಅಲ್ಲಾಡದೆ ಕೂತಿದ್ದ ಕೆಲಸ, ಫೈಲು ನಾನು ತೆಗೆದುಕೊಂಡ ಮೇಲೆ ಮೂರು ತಿಂಗಳಲ್ಲಿ ಮುಗಿಯಿತು. ಹೀಗೆ ಮಾಡ್ತೀನಿ ಅಂದಾಗ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ. "ಲಾಯರನ್ನ ಎದುರು ಹಾಕ್ಕೋಬೇಡ ಕಣೋ. ಪತ್ರ ಕಳೆದುಹೋಯ್ತು ಅಂದುಬಿಟ್ರೆ ಏನು ಮಾಡ್ತೀಯ?" ಅಂತ ಚಿಕ್ಕಪ್ಪ ಹೆದರಿಸಿದ್ದರು. ಅದೇ ಚಿಕ್ಕಪ್ಪ ಈಗ ತಮ್ಮ ಮಂಡ್ಯದ ಸೈಟಿಗೆ ನನ್ನನ್ನು ಕರೆಯುತ್ತಿದ್ದಾರೆ.

ಅಪ್ಪ ತೀರಿಕೊಂಡಿದ್ದರು. ಅಮ್ಮ, ಅಕ್ಕ, ನಾನು ಮೂವರು ವಾರಸುದಾರರು. ಅಕ್ಕ ಇರುವುದು ನ್ಯೂಜೆರ್ಸಿಯಲ್ಲಿ. ಅವಳೂ ಮಾರುವವಳಾಗಿ ಸಹಿ ಹಾಕಿದರೆ ಅವಳ ಪಾಲಿಗೆ ಅನಿವಾಸಿಯವರ ಟಿಡಿಎಸ್ (ಕೊಳ್ಳುವವರು ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಬೀಳುತ್ತದೆ. ಇಲ್ಲಿರುವವರಿಗೆ ಹಿಡಿಯುವ ಹಾಗೆ ಕೊಳ್ಳುವವರು ಶೇ 1 ಹಿಡಿದು ಸುಮ್ಮನಾಗಲು ಆಗುವುದಿಲ್ಲ. ಅಕ್ಕನಿಗೆ ಪಾಲೂ ಬೇಕಿರಲಿಲ್ಲ. ಹಾಗಾಗಿ ಅವಳೂ ನಾನೂ ಅಮ್ಮನಿಗೆ ಹಕ್ಕು ಬಿಡುಗಡೆ ಮಾಡುವುದು, ಖಾತೆ ಅಮ್ಮನ ಹೆಸರಿಗೆ ಬಂದ ಮೇಲೆ ಅಮ್ಮ ಒಬ್ಬರೇ ಮಾರುವುದು ಅಂತ ತೀರ್ಮಾನವಾಯಿತು. ದಾರಿ ಸರಿಯಾಗಿಯೇ ಇತ್ತು. ಎಲ್ಲವನ್ನೂ ಒಬ್ಬರೇ ವಕೀಲರಿಗೆ ಒಟ್ಟಿಗೆ ಒಪ್ಪಿಸಿದ್ದು ನನ್ನ ತಪ್ಪು. 25 ಸಾವಿರ ಮಾತಾಡಿ 15 ಮುಂಗಡ ಕೊಟ್ಟೆ. ಜೊತೆಗೆ ಎಲ್ಲ ಮೂಲ ಪತ್ರಗಳನ್ನೂ ಕೊಟ್ಟುಬಿಟ್ಟೆ.

2024ರ ನವೆಂಬರಿನಲ್ಲಿ ಮೊದಲ ಗಿರಾಕಿ ಜೊತೆ ಕರಾರು ಆಯಿತು, ಅಡ್ವಾನ್ಸು 3 ಲಕ್ಷ. ಅಕ್ಕನ ಪವರ್ ಆಫ್ ಅಟಾರ್ನಿ, ಅಂದರೆ ಅವಳ ಪರವಾಗಿ ಇಲ್ಲಿ ಸಹಿ ಹಾಕಲು ಕೊಡುವ ಅಧಿಕಾರಪತ್ರ, ಅದರ ಡ್ರಾಫ್ಟ್ ಬರೆಯುವುದಕ್ಕೇ ವಕೀಲರು ಎರಡೂವರೆ ತಿಂಗಳು ತೆಗೆದುಕೊಂಡರು. ಎರಡೇ ಪುಟ ಅದು! ಗಿರಾಕಿ ನಾಲ್ಕು ತಿಂಗಳು ಕಾದು ಬೇರೆ ಮನೆ ನೋಡಿಕೊಂಡರು. ಅವರನ್ನು ಬೈಯಲು ಆಗುತ್ತದಾ? ಆ ದುಡ್ಡನ್ನು ಅಮ್ಮನ ಆಪರೇಷನ್ನಿಗೆ ಸ್ವಲ್ಪ ಬಳಸಿದ್ದೆವು. ವಾಪಸ್ ಕೊಡಲು ಬಂಗಾರ ಅಡವಿಟ್ಟೆ. ಬಡ್ಡಿ ಏಳೆಂಟು ಸಾವಿರ ಹೋಯಿತು.

ಆಮೇಲೆ ಒಂದು ಪರೀಕ್ಷೆ ಮಾಡಿದೆ. ಮೂರು ವಾರ ಯಾವಾಗ ಫೋನ್ ಮಾಡಿದೆ, ಯಾವಾಗ ಎತ್ತಿದರು ಅಂತ ಡೈರಿಯಲ್ಲಿ ಬರೆದುಕೊಂಡೆ. ನಲವತ್ತರ ಹತ್ತಿರ ಕರೆ, ಎತ್ತಿದ್ದು ಆರು. ಆ ಆರರಲ್ಲಿ ಐದು ಬೆಳಗ್ಗೆ ಏಳೂವರೆಯಿಂದ ಎಂಟೂಕಾಲರ ಒಳಗೆ. "ಸಾರ್, ಏನಾಯ್ತು?" ಅಂತ ಕೇಳಿದರೆ "ನೋಡ್ತೀನಿ" ಅಂತಲೇ ಉತ್ತರ. "ನಾಳೆ ಸಂಜೆ ಏಳಕ್ಕೆ ಚೇಂಬರಿಗೆ ಬರ್ಲಾ?" ಅಂತ ಕೇಳಿದರೆ "ಆಯ್ತು, ಬನ್ನಿ" ಅನ್ನುತ್ತಾರೆ. ಹೂಂ ಅಥವಾ ಉಹೂಂ ಅನ್ನಬಹುದಾದ ಪ್ರಶ್ನೆ ಮಾತ್ರ ಕೇಳಬೇಕು. ಇದನ್ನು ಈಗ ಪಾಲಿಕೆಯಲ್ಲೂ ಬಳಸುತ್ತೇನೆ.

ನನ್ನನ್ನು ಎಬ್ಬಿಸಿದ್ದು ಅಕ್ಕನ ಆ ಪವರೇ. ಹೊರದೇಶದಲ್ಲಿ ಬರೆದ ಪವರ್ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿಗಳ ಹತ್ತಿರ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ನಮ್ಮದು ಮಾರ್ಚ್ ಎರಡನೇ ವಾರ ನೇರ ವಕೀಲರ ಚೇಂಬರಿಗೇ ತಲುಪಿತ್ತು. ಮೇ ಬಂತು, ಸಿವಿಲ್ ಕೋರ್ಟಿಗೆ ಬೇಸಿಗೆ ರಜೆ, ವಕೀಲರು ಊರಿನಲ್ಲಿಲ್ಲ. ನಾನು ಎಣಿಸಿ ನೋಡಿದಾಗ 75ನೇ ದಿನವೋ 76ನೆಯದೋ. ಅವರಿಂದ ಫೋನಿನಲ್ಲೇ ಒಪ್ಪಿಗೆ ತೆಗೆದುಕೊಂಡು ಗುಮಾಸ್ತರ ಮನೆಗೆ ಹೋಗಿ ಕರೆತಂದು ಬೀಗ ತೆಗೆಸಿದೆ. ಕಬ್ಬಿಣದ ಬೀರು, ದಾರ ಕಟ್ಟಿದ ಕಟ್ಟುಗಳು, ಒಂದೂವರೆ ಗಂಟೆ ಹುಡುಕಾಟ. ಕಡೆಗೆ ಹಳೇ ಕ್ಯಾಲೆಂಡರುಗಳ ಕೆಳಗೆ ಕೊರಿಯರ್ ಕವರು ಸಿಕ್ಕಿತು, ಬಾಯಿ ಕೂಡ ಒಡೆದಿರಲಿಲ್ಲ. ಅಕ್ಕನ ಕೈಬರಹ ನೋಡಿ ಹೊಟ್ಟೆ ಉರಿಯಿತು. ಆ ಕವರನ್ನು ಬಿಸಾಡಬೇಡಿ. ಪವರ್ ಯಾವತ್ತು ಭಾರತಕ್ಕೆ ಬಂತು ಅನ್ನುವುದಕ್ಕೆ ಅದರ ಮೇಲಿನ ತಾರೀಖೇ ಸಾಕ್ಷಿ. ಜೂನ್ ಮೊದಲ ವಾರ, ಗಡುವಿಗೆ ಐದಾರು ದಿನ ಇರುವಾಗ ಡ್ಯೂಟಿ ಕಟ್ಟಿದೆ.

ಅಂದು ರಾತ್ರಿಯೇ ನಿರ್ಧಾರ ಮಾಡಿದೆ. ಇನ್ನು ವಕೀಲರ ಹಿಂದೆ ಓಡುವುದಿಲ್ಲ, ಫೈಲು ನನ್ನ ಹತ್ತಿರ ಇರಬೇಕು.

ಮೊದಲು ಚಿಕ್ಕಪ್ಪನ ಹೆದರಿಕೆಗೆ ಮದ್ದು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಅಪ್ಪನ 1991ರ ಕ್ರಯಪತ್ರದ ದೃಢೀಕೃತ ನಕಲು ತೆಗೆಸಿದೆ. ಇಸಿ (ಆಸ್ತಿಯ ಮೇಲಿನ ವ್ಯವಹಾರ, ಸಾಲ ತೋರಿಸುವ ಋಣಭಾರ ಪತ್ರ) ಎರಡು ತುಂಡು: 2004ರ ಏಪ್ರಿಲ್ ನಂತರದ್ದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ, ಹಿಂದಿನದು ಕಚೇರಿಯಲ್ಲಿ. ಎಲ್ಲ ಸೇರಿ ಎರಡು ಸಾವಿರವೂ ಆಗಲಿಲ್ಲ. ಕೊಳ್ಳುವವರಿಗೆ ಸಾಲ ಕೊಡುವಾಗ ಬ್ಯಾಂಕಿಗೆ ಮೂಲ ಪತ್ರವೇ ಬೇಕು, ನಿಜ. ಆದರೆ ಲೀಗಲ್ ಒಪಿನಿಯನ್ (ಪತ್ರಗಳು ಸರಿಯಿವೆಯಾ ಅಂತ ಬ್ಯಾಂಕಿನ ವಕೀಲರು ನೋಡಿ ಹೇಳುವುದು) ಶುರು ಮಾಡಲು ನಕಲು ಸಾಕಾಯಿತು. ಅಷ್ಟರಲ್ಲಿ ಎರಡನೇ ಗಿರಾಕಿಯೂ ಸಿಕ್ಕಿದ್ದರು.

ಮೂಲ ಪತ್ರಗಳಿಗೆ ಒಂದು ಪುಟದ ಕಾಗದ ಬರೆದೆ, ಕನ್ನಡದಲ್ಲೇ. ಯಾವ ಪತ್ರ, ಯಾವ ತಾರೀಖು, ಎಷ್ಟು ಹಾಳೆ, ಏಳು ದಿನದೊಳಗೆ ಕೊಡಿ ಅಂತ. ಫೀಸು ಬಾಕಿ ಇದೆ ಅಂತ ವಕೀಲರು ಕಕ್ಷಿದಾರರ ಕಾಗದ ಹಿಡಿದಿಟ್ಟುಕೊಳ್ಳುವಂತಿಲ್ಲ ಅಂತ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಅದನ್ನು ಒಂದು ಸಾಲಿನಲ್ಲಿ ಸೇರಿಸಿದೆ. ಗ್ರಾಹಕರ ಕೋರ್ಟಿನ ಹೆಸರು ಎತ್ತಲಿಲ್ಲ. ವಕೀಲರ ಸೇವೆ ಗ್ರಾಹಕರ ಕಾಯ್ದೆಗೆ ಬರುವುದಿಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದಿದೆ. ದೂರು ಕೊಡುವುದಾದರೆ ವಕೀಲರ ಪರಿಷತ್ತಿಗೇ ಕೊಡಬೇಕು. ನನ್ನ ಕಾಗದದ ಕಡೇ ಸಾಲು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಬೆದರಿಕೆ ಇರಲಿಲ್ಲ, ಕೆಲಸ ಮಾಡಿದ್ದು ಅದೇ. ಐದನೇ ದಿನ ಅವರೇ ಫೋನ್ ಮಾಡಿದರು. ಅಷ್ಟೂ ದಿನ ಕೆಲಸ ಅಂತ ಏನೋ ಮಾಡಿದ್ದರಲ್ಲ, ಪತ್ರ ಎಣಿಸಿಕೊಂಡ ಮೇಲೆ 5 ಸಾವಿರ ಕೊಟ್ಟೆ.

ಕೇಸು ನಡೆಯುತ್ತಿದ್ದರೆ ವಕೀಲರನ್ನು ಬದಲಿಸಲು ಹಳಬರ ಒಪ್ಪಿಗೆ ಕೇಳುತ್ತಾರೆ. ಮಾರಾಟದ ಕೆಲಸದಲ್ಲಿ ಕೋರ್ಟಿಗೆ ಕೊಡುವ ವಕಾಲತ್ತೇ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಇದು ಗೊತ್ತಿಲ್ಲದೆ ನಾನು ಎರಡು ತಿಂಗಳು ಹಾಳು ಮಾಡಿದ್ದೆ.

ಹೊಸ ವಕೀಲರು ಚಿಕ್ಕ ವಯಸ್ಸಿನವರು. 12 ಸಾವಿರ, ಮೂರು ಕಂತು. ಬಿಡುಗಡೆ ಪತ್ರದ ಡ್ರಾಫ್ಟ್ ಕೈಗೆ ಬಂದಾಗ 4, ಕ್ರಯಪತ್ರದ ಡ್ರಾಫ್ಟಿಗೆ 4, ನೋಂದಣಿ ದಿನ 4. ಅದಕ್ಕೆ ಮುಂಚೆ ಇಬ್ಬರು ವಕೀಲರು ಈ ಲೆಕ್ಕ ಒಪ್ಪಲಿಲ್ಲ. ಇವರು ಒಪ್ಪಿದ್ದಕ್ಕೆ ಕಾರಣ ನಾನು ಕೊಟ್ಟ ಒಂದು ಹಾಳೆ. 1991ರಿಂದ ಇಂದಿನವರೆಗೆ ಯಾರಿಂದ ಯಾರಿಗೆ, ಯಾವ ನಂಬರಿನ ಪತ್ರ, ಖಾತೆ ಯಾವಾಗ, ಎಲ್ಲ ಒಂದೇ ಕಡೆ. "ಅರ್ಧ ಕೆಲಸ ನೀವೇ ಮಾಡಿದ್ದೀರಲ್ಲ" ಅಂದರು. ಬ್ಯಾಂಕಿನ ಪ್ಯಾನೆಲ್ ವಕೀಲರಿಗೂ ಅದೇ ಹಾಳೆ ಹೋಯಿತು. ಅಲ್ಲಿ ನಾವು ಫೋನ್ ಮಾಡುವ ಹಾಗಿಲ್ಲ, ಅವರು ಬ್ಯಾಂಕಿನ ಕಡೆಯವರು. ಅದಕ್ಕೂ ಒಂದು ದಾರಿ ಮಾಡಿಕೊಂಡೆ, ಅದು ನನ್ನಲ್ಲೇ ಇರಲಿ.

ಡ್ರಾಫ್ಟಿನ ಚಕ್ಕುಬಂದಿಯನ್ನು (ಸೈಟಿನ ನಾಲ್ಕು ದಿಕ್ಕಿಗೆ ಏನಿದೆ ಅನ್ನುವ ವಿವರ) ಮಾತ್ರ ನೀವೇ ಓದಿ. ಹಳೇ ಚೇಂಬರಿನ ಡ್ರಾಫ್ಟಿನಲ್ಲಿ ಬೇರೆ ಯಾರದೋ ಸೈಟಿನ ಚಕ್ಕುಬಂದಿ ಹಾಗೇ ಉಳಿದಿತ್ತು. ಅಮ್ಮನೇ ಹಿಡಿದರು: "ನಮ್ಮ ಉತ್ತರಕ್ಕೆ ರಸ್ತೆ ಕಣೋ, ಪಾರ್ಕ್ ಎಲ್ಲಿಂದ ಬಂತು?" ಹಾಗೇ ರಿಜಿಸ್ಟರ್ ಆಗಿದ್ದರೆ ತಿದ್ದುಪಡಿ ಪತ್ರ, ಇನ್ನೊಂದು ತಿಂಗಳು.

ಗಣೇಶನ ಹಬ್ಬದ ಹಿಂದಿನ ವಾರ ಅಮ್ಮ ಹೆಬ್ಬೆಟ್ಟು ಕೊಟ್ಟು ಬಂದರು. ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು 2 ಆಯಿತು. ಕೊಂಡವರು ಅವತ್ತೇ ಫೋನ್ ಮಾಡಿದರು. "ಹತ್ತು ದಿನ ತಡ ಆಗಿದ್ರೆ ನಮಗೆ ಇನ್ನೂ 90 ಸಾವಿರ ಬೀಳ್ತಿತ್ತು ಸಾರ್" ಅಂದರು.