ಎಡ್ವರ್ಡ್ಸ್ ಜಿಗಿತವನ್ನು ಅಳೆದು ನಾನು ಕಲಿತ ಟ್ರಿಪಲ್ ಜಂಪ್

ಓಡಿಬಂದು ಒಂದರ ಹಿಂದೊಂದು ಮೂರು ನೆಗೆತ ಹಾಕುವ ಟ್ರಿಪಲ್ ಜಂಪನ್ನು ನಾನು ಕಲಿಯುತ್ತಿದ್ದ ಕಾಲದಲ್ಲಿ, ನೆಗೆದ ಕಾಲಿನ ಮೇಲೆಯೇ ಇಳಿಯುವ ಮೊದಲ ನೆಗೆತ, ಅಂದರೆ ಹಾಪ್, ಆದಷ್ಟು ಎತ್ತರಕ್ಕೆ ಏಳಬೇಕೆಂದು ಮೈದಾನದಲ್ಲಿ ಹೇಳಿಕೊಡುತ್ತಿದ್ದರು. ನಾನು ಬೇರೆ ದಾರಿ ಹಿಡಿಯಲು ಕಾರಣವಾದದ್ದು, ಬ್ರಿಟನ್ನಿನ ಜೊನಾಥನ್ ಎಡ್ವರ್ಡ್ಸ್ 1995ರ ಆಗಸ್ಟ್ 7ರಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಜಿಗಿದ 18.29 ಮೀಟರ್. ವಿಶ್ವ ಚಾಂಪಿಯನ್‌ಷಿಪ್‌ನ ಆ ಫೈನಲ್‌ನಲ್ಲಿ ಮೊದಲ ಯತ್ನದಲ್ಲೇ 18.16 ಮೀಟರ್ ಜಿಗಿದು, ನಿಯಮ ಒಪ್ಪುವ ಗಾಳಿಯಲ್ಲಿ (ಹಿಂದಿನಿಂದ ಬೀಸುವ ಗಾಳಿಯ ನೆರವು ಮಿತಿ ಮೀರದಿರುವಾಗ) 18 ಮೀಟರ್ ದಾಟಿದ ಮೊದಲಿಗರಾದ ಅವರು, ಮರುಯತ್ನದಲ್ಲಿ ಆ ದಾಖಲೆಯನ್ನೂ ಹಿಂದಿಕ್ಕಿದರು. ಅದು ಇಂದಿಗೂ ವಿಶ್ವದಾಖಲೆಯಾಗಿ ಉಳಿದಿದೆ.

ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿದರೆ, ನೆಗೆಯಲು ಮೆಟ್ಟುವ ಹಲಗೆಯಾದ ಬೋರ್ಡ್ ದಾಟಿದ ಮೇಲೂ ಅವರು ಓಡುತ್ತಲೇ ಇದ್ದಾರೆ ಎನ್ನಿಸುತ್ತದೆ. ನೂರು ಮೀಟರನ್ನು 10.48 ಸೆಕೆಂಡುಗಳಲ್ಲಿ ಓಡಬಲ್ಲವರಾಗಿದ್ದ ಅವರಿಗೆ ಆ ವೇಗವೇ ಬಂಡವಾಳ. ಅವರ ಹಾಪ್ 6.05, ಇನ್ನೊಂದು ಕಾಲಿನ ಮೇಲೆ ಇಳಿಯುವ ಸ್ಟೆಪ್ 5.22, ಮರಳಿಗೆ ನೆಗೆಯುವ ಕೊನೆಯ ಜಂಪ್ 7.02 ಮೀಟರ್. ಪ್ರತಿ ಸಲ ಪಾದ ನೆಲಕ್ಕೆ ತಾಗಿದಾಗಲೂ ವೇಗಕ್ಕೆ ತಡೆ ಬೀಳುತ್ತದೆ. ಹಾಪ್ ಎತ್ತರವಾದಷ್ಟೂ ಇಳಿಯುವ ಪೆಟ್ಟು ಜೋರಾಗಿ ಮಂಡಿ ಮಡಚಿಕೊಳ್ಳುತ್ತದೆ, ಸ್ಟೆಪ್ ಕುಸಿಯುತ್ತದೆ, ಮರಳಿನ ಕಡೆಗೆ ನೆಗೆಯಲು ಕಸುವೇ ಉಳಿಯುವುದಿಲ್ಲ. ಎಡ್ವರ್ಡ್ಸ್ ಹಾಪನ್ನು ತಗ್ಗಿನಲ್ಲೇ ಇಟ್ಟು, ಉಳಿಸಿಕೊಂಡ ವೇಗವನ್ನೆಲ್ಲ ಕೊನೆಯ ಜಂಪ್‌ಗೆ ಸುರಿದರು.

ನನ್ನ ಗುರಿ 14 ಮೀಟರ್ ಆಗಿತ್ತು. ಅದನ್ನು ಎಡ್ವರ್ಡ್ಸ್ ಅವರ ಅನುಪಾತದಲ್ಲೇ ಹಂಚಿದೆ: ಹಾಪ್ 4.63, ಸ್ಟೆಪ್ 4.00, ಜಂಪ್ 5.37. ಮಣ್ಣಿನ ರನ್‌ವೇಗೆ ನೀರು ಚಿಮುಕಿಸಿ, ಬೋರ್ಡ್‌ನಿಂದ ಟೇಪ್ ಹಿಡಿದು, ಪಾದ ಬೀಳಬೇಕಾದ ಎರಡು ಕಡೆ ಸುಣ್ಣದ ಗೆರೆ ಎಳೆದೆ. ಜಿಗಿದ ಮೇಲೆ ಸ್ಪೈಕ್ಸ್ (ಅಡಿಯಲ್ಲಿ ಮೊಳೆಗಳಿರುವ ಬೂಟು) ಗುರುತು ನೋಡಿದರೆ ಎಲ್ಲವೂ ತಿಳಿಯುತ್ತಿತ್ತು: ಹಿಮ್ಮಡಿ ಆಳಕ್ಕೆ ಹೂತಿದ್ದರೆ ಕಾಲನ್ನು ಮುಂದಕ್ಕೆ ಚಾಚಿ ವೇಗಕ್ಕೆ ತಡೆ ಹಾಕಿದ್ದೇನೆ ಎಂದರ್ಥ, ಇಡೀ ಅಂಗಾಲು ಸಮವಾಗಿ ಮೂಡಿದ್ದರೆ ಹೆಜ್ಜೆ ಸರಿಯಾಗಿದೆ. ಎರಡೂ ತೋಳುಗಳನ್ನು ಒಟ್ಟಿಗೆ ಹಿಂದಕ್ಕೆಳೆದು ಮುಂದಕ್ಕೆ ಬೀಸುವ ಅವರ ಕ್ರಮವನ್ನು ರೂಢಿಸಿಕೊಳ್ಳಲು ಇದಕ್ಕಿಂತ ಹೆಚ್ಚು ಕಾಲ ಹಿಡಿಯಿತು, ಏಕೆಂದರೆ ಓಟದ ಲಯ ಕೆಡದಂತೆ ತೋಳುಗಳನ್ನು ಹಿಂದಕ್ಕೆ ತರುವುದೇ ಕಷ್ಟ.

ಅವರ ವೃತ್ತಿಜೀವನವನ್ನು ಒಂದು ದಾಖಲೆಗೆ ಸೀಮಿತಗೊಳಿಸುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಡರಮ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿದ ಅವರು ಭಾನುವಾರ ಸ್ಪರ್ಧಿಸಬಾರದೆಂಬ ಧಾರ್ಮಿಕ ನಿಷ್ಠೆಯಿಂದ 1991ರ ವಿಶ್ವ ಚಾಂಪಿಯನ್‌ಷಿಪ್ ಬಿಟ್ಟುಕೊಟ್ಟರು. 1993ರಲ್ಲಿ ಆ ನಿಲುವು ಬದಲಿಸಿ, ಅದೇ ವರ್ಷ ಸ್ಟುಟ್‌ಗಾರ್ಟ್‌ನಲ್ಲಿ ಕಂಚು ಗೆದ್ದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ 17.88 ಮೀಟರ್ ಜಿಗಿದರೂ ಅಮೆರಿಕದ ಕೆನ್ನಿ ಹ್ಯಾರಿಸನ್ 18.09 ಮೀಟರ್ ಜಿಗಿದದ್ದರಿಂದ ಬೆಳ್ಳಿಗೆ ತೃಪ್ತಿಪಡಬೇಕಾಯಿತು. 2000ದಲ್ಲಿ ಸಿಡ್ನಿಯ ಚಿನ್ನ 17.71 ಮೀಟರಿಗೇ ಬಂತು. ಆಗ ಅವರಿಗೆ 34 ವರ್ಷ. ಮರುವರ್ಷ ಎಡ್ಮಂಟನ್‌ನಲ್ಲಿ 17.92 ಮೀಟರ್ ಜಿಗಿದು ಮತ್ತೆ ವಿಶ್ವ ಚಾಂಪಿಯನ್ ಆದರು, 2003ರಲ್ಲಿ ನಿವೃತ್ತರಾದರು. ವೇಗವನ್ನೇ ನಂಬಿದ ಜಿಗಿತಗಾರ ಆ ವಯಸ್ಸಿನಲ್ಲೂ ಅದನ್ನು ಕಾಪಾಡಿಕೊಂಡದ್ದು ನನಗೆ 18.29ರಷ್ಟೇ ದೊಡ್ಡದಾಗಿ ಕಾಣುತ್ತದೆ.

ಈಗ ಮಕ್ಕಳಿಗೆ ಕಲಿಸುವಾಗಲೂ ಸುಣ್ಣದ ಗೆರೆಗಳನ್ನೇ ಬಳಸುತ್ತೇನೆ, ಆದರೆ ಮೊದಲಿಗೆ ಆರು ಹೆಜ್ಜೆಗಳ ಓಟ ಸಾಕು. ಪಾದ ಊರುವ ಆ ಕ್ಷಣದಲ್ಲಿ ಮೈತೂಕದ ಹಲವು ಪಟ್ಟು ಭಾರ ಒಂದೇ ಕಾಲಿನ ಮೇಲೆ ಬೀಳುವುದರಿಂದ, ಮಂಡಿ ಮತ್ತು ಹಿಮ್ಮಡಿ ಗಟ್ಟಿಯಾಗುವವರೆಗೆ ಪೂರ್ಣ ಓಟಕ್ಕೆ ನಾನು ಯಾರನ್ನೂ ಬಿಡುವುದಿಲ್ಲ.