ಮೊದಲ ಲೈಟ್ ಡ್ರಮ್ಮರ್ ಹಿಂದೆ ಇಡಿ

ಬ್ಯಾಂಡ್ ವಿಡಿಯೊ ಶೂಟ್‌ಗೆ ನಾನು ಮೊದಲು ಇಡುವುದು ಡ್ರಮ್ಮರ್ ಹಿಂದಿನ ಲೈಟ್. ಬರೀ ಮುಂದಿನಿಂದ ಬೆಳಕು ಬಿಟ್ಟರೆ ಎಲ್ಲರೂ ಗೋಡೆಗೆ ಅಂಟಿಸಿದ ಪೋಸ್ಟರ್ ಥರ ಕಾಣುತ್ತಾರೆ. ಹಿಂದಿನಿಂದ, ಸ್ವಲ್ಪ ಎತ್ತರದಿಂದ ಬಿಟ್ಟು ನೋಡಿ. ಭುಜದ ಅಂಚು, ಹಾರುವ ಕೂದಲು, ಮೇಲೆತ್ತಿದ ಸ್ಟಿಕ್ ಎಲ್ಲ ಕತ್ತಲಿಂದ ಎದ್ದು ಬರುತ್ತವೆ. ಜೊತೆಗೆ ತೆಳುವಾಗಿ ಹೊಗೆ ಬಿಟ್ಟರೆ ಬೆಳಕಿನ ಗೆರೆಗಳೂ ಕಾಣುತ್ತವೆ. ಜಾಸ್ತಿ ಬೇಡ, ಮುಖಗಳು ಮಂಕಾಗುತ್ತವೆ.

ಡ್ರಮ್ ಸೆಟ್‌ನ ಲೋಹದ ತಟ್ಟೆ, ಅಂದರೆ ಸಿಂಬಲ್, ಒಂಥರಾ ಅಲ್ಲಾಡುವ ಕನ್ನಡಿ. ಒಮ್ಮೆ ನನ್ನ ಸಾಫ್ಟ್‌ಬಾಕ್ಸ್ (ಬೆಳಕು ಮೃದುವಾಗಲು ಲೈಟ್‌ಗೆ ಹಾಕುವ ಬಟ್ಟೆಯ ಪೆಟ್ಟಿಗೆ) ಅದರಲ್ಲಿ ಬಿಳಿ ಚೌಕವಾಗಿ ಹಾಡು ಪೂರ್ತಿ ಕುಣಿದಿತ್ತು. ಮತ್ತೆ ಶೂಟ್ ಮಾಡಬೇಕಾಯಿತು. ಈಗ ಸಿಂಬಲ್‌ಗೆ ಒಂದು ಏಟು ಹಾಕಿಸಿ, ಮಾನಿಟರ್ ನೋಡುತ್ತಾ ಲೈಟ್ ಸ್ಟ್ಯಾಂಡ್ ಜರುಗಿಸುತ್ತೇನೆ.

ವಿಡಿಯೊದಲ್ಲಿ ಎಲ್‌ಇಡಿ ಲೈಟ್ ಮಿನುಗಿದರೆ ಕ್ಯಾಮೆರಾದ ಶಟರ್ ವೇಗ ಬದಲಿಸಿ. 50 ಹರ್ಟ್ಸ್ ಕರೆಂಟ್ ಇದ್ದರೆ ಸಾಮಾನ್ಯವಾಗಿ 1/50 ಸೆಕೆಂಡ್, 60 ಇದ್ದರೆ 1/60.

ಕ್ಯಾಮೆರಾ ಒಂದೇ ಇದ್ದರೂ ಸಾಕು. ಹಾಡನ್ನು ಸ್ಪೀಕರ್‌ನಲ್ಲಿ ಜೋರಾಗಿ ಹಾಕಿ, ಮೊದಲು ಎಲ್ಲರನ್ನೂ ಸೇರಿಸಿ ಪೂರ್ತಿ ತೆಗೆಯಿರಿ. ಆಮೇಲೆ ಒಬ್ಬೊಬ್ಬರಿಗೂ ಪೂರ್ತಿ ಹಾಡು. ಸುಮ್ನೆ ನಟಿಸಬೇಡಿ, ನಿಜವಾಗಿ ಬಾರಿಸಿ ಅಂತ ಹೇಳಿ. ತಂತಿ ಒತ್ತಿದ ಬೆರಳ ತುದಿ ಬೆಳ್ಳಗಾಗುವುದು ಕ್ಲೋಸಪ್‌ನಲ್ಲಿ ಕಾಣುತ್ತದೆ, ಅಲ್ವಾ?

ಗಾಯಕರು ಸ್ಲೋ ಮೋಷನ್‌ನಲ್ಲಿದ್ದೂ ತುಟಿ ಹಾಡಿಗೆ ಕೂಡಬೇಕೇ? ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಿ, ಸೆಕೆಂಡಿಗೆ 48 ಫ್ರೇಮ್‌ನಲ್ಲಿ ತೆಗೆದು, 24ರಲ್ಲಿ ಓಡಿಸಿ. ಆ ವೇಗಕ್ಕೆ ಹಾಡುವುದು ಕಷ್ಟ. ಹಿಂದಿನ ದಿನವೇ ಟ್ರ್ಯಾಕ್ ಕಳಿಸಿ ಅಭ್ಯಾಸ ಮಾಡಿಸಿ.