ಗಡ್ಡದ ಓತಿಯ ಆಯಸ್ಸು ದೀಪದಲ್ಲಿದೆ

ಅಂಗೈಯಲ್ಲಿ ಹಿಡಿಸುವ ಮರಿಯನ್ನು ಕಂಡು ಮರುಳಾಗುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. ಬಿಯರ್ಡೆಡ್ ಡ್ರ್ಯಾಗನ್ ಎಂಬ ಈ ಗಡ್ಡದ ಓತಿ ಚೆನ್ನಾಗಿ ಸಾಕಿದರೆ 10ರಿಂದ 15 ವರ್ಷ ಬದುಕುತ್ತದೆ. ಐದನೇ ತರಗತಿಯ ಮಗು ಹಟ ಹಿಡಿದು ತರಿಸಿಕೊಂಡರೆ, ಆ ಮಗು ಕೆಲಸಕ್ಕೆ ಸೇರಿದ ಮೇಲೂ ಗೂಡು ತೊಳೆಯುವವರು ನೀವೇ. ಆದರೂ ಮೂರು ನಾಲ್ಕು ವರ್ಷಕ್ಕೇ ಕಣ್ಣು ಮುಚ್ಚುವ ಓತಿಗಳಿಗೆ ಕೊರತೆಯಿಲ್ಲ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ತಪ್ಪು ಇರುವುದು ತಟ್ಟೆಯಲ್ಲಲ್ಲ, ದೀಪದಲ್ಲಿ.

ಇದರ ತವರು ಆಸ್ಟ್ರೇಲಿಯಾದ ಒಳನಾಡಿನ ಒಣ ಕುರುಚಲು ಪ್ರದೇಶ. ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತದ ಕುಟುಂಬಕ್ಕೇ ಸೇರಿದ್ದು. ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳನ್ನು ವ್ಯಾಪಾರಕ್ಕಾಗಿ ಜೀವಂತ ಹೊರಗೆ ಕಳಿಸುವುದಿಲ್ಲ. ಹಾಗಾಗಿ ಸಾಕಣೆಯಲ್ಲೇ ಹುಟ್ಟಿದ ಮರಿಯನ್ನು ಮಾತ್ರ, ನೀವಿರುವ ಕಡೆಯ ಕಾನೂನು ಒಪ್ಪಿದರೆ ಮಾತ್ರ, ಕಾಗದಪತ್ರದ ಸಮೇತ ತನ್ನಿ.

ಮೊದಲು ಗೂಡು, ಆಮೇಲೆ ಓತಿ

ಬೆಳೆದ ಓತಿ ಬಾಲವೂ ಸೇರಿ 45ರಿಂದ 60 ಸೆಂಟಿಮೀಟರ್ ಇರುತ್ತದೆ. ಕನಿಷ್ಠ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರದ ಗೂಡು ಬೇಕು. ಗೂಡಿನ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು. ಶೀತರಕ್ತದ ಪ್ರಾಣಿಯಾದ್ದರಿಂದ ಅದು ಈ ತುದಿಯಿಂದ ಆ ತುದಿಗೆ ನಡೆದೇ ಮೈಯ ಬಿಸಿಯನ್ನು ಹದಗೊಳಿಸಿಕೊಳ್ಳುತ್ತದೆ. ಕಾಯಿಸುವ ದೀಪದ ಕೆಳಗಿನ ಕಲ್ಲು 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಲಿ, ತಂಪಿನ ತುದಿ ಸುಮಾರು 25. ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಎನ್ನುತ್ತಾರೆ. ಗೂಡಿನ ಬಿಸಿಗೆ ಥರ್ಮಾಮೀಟರ್ ಒಂದೇ ಸಾಕ್ಷಿ, ಕೈಯಿಟ್ಟು ನೋಡಿದ ಅಂದಾಜನ್ನು ನಂಬಬೇಡಿ. ವಿದ್ಯುತ್ತಿನಿಂದ ಕಾಯುವ ಕಲ್ಲುಗಳನ್ನಂತೂ ಇಡಲೇಬೇಡಿ. ಹೊಟ್ಟೆ ಸುಡುತ್ತಿದ್ದರೂ ಓತಿ ಅದರ ಮೇಲೆ ಸುಮ್ಮನೆ ಕುಳಿತಿರುತ್ತದೆ.

ಎರಡನೆಯ ದೀಪ

ಇಲ್ಲಿಯೇ ಎಡವುವವರು ಹೆಚ್ಚು. ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಬಿ (ಯುವಿಬಿ) ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ಓತಿಯ ಮೈಯಲ್ಲಿ ಸಾಕಷ್ಟು ಡಿ3 ಜೀವಸತ್ವ ತಯಾರಾಗುತ್ತದೆ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಆಗ ದೇಹ ಎಲುಬಿನಿಂದಲೇ ಸಾಲ ತೆಗೆಯತೊಡಗುತ್ತದೆ. ಕಿಟಕಿಯ ಪಕ್ಕದಲ್ಲಿಟ್ಟರೆ ಸಾಲದೇ? ಸಾಲದು, ಗಾಜು ಈ ಕಿರಣವನ್ನು ತಡೆದುಬಿಡುತ್ತದೆ. ಇದಕ್ಕೆಂದೇ ಬರುವ ಯುವಿಬಿ ಟ್ಯೂಬನ್ನು ಗೂಡಿನ ಒಳಗೇ, ಅರ್ಧಕ್ಕಿಂತ ಹೆಚ್ಚು ಉದ್ದಕ್ಕೆ ಅಳವಡಿಸಿ, ದಿನಕ್ಕೆ 10ರಿಂದ 12 ಗಂಟೆ ಉರಿಸಬೇಕು.

ಈ ಟ್ಯೂಬು ಮೋಸಗಾರ. ಕಿರಣ ಬತ್ತಿದ ಮೇಲೂ ಬೆಳಕು ಮಾತ್ರ ಹೊಸದರಂತೆಯೇ ಚೆಲ್ಲುತ್ತಿರುತ್ತದೆ. ನನ್ನ ಮೊದಲ ಓತಿ ಒಂದು ಬೆಳಿಗ್ಗೆ ಚಿಮ್ಮಂಡೆಯತ್ತ ನಾಲಿಗೆ ಚಾಚಿತು, ಗುರಿ ತಪ್ಪಿತು, ಮತ್ತೆ ಚಾಚಿತು. ಬಗ್ಗಿ ನೋಡಿದಾಗ ಮುಂಗಾಲಿನ ಬೆರಳುಗಳು ಸಣ್ಣಗೆ ಅದುರುತ್ತಿದ್ದವು. ಕೆಳದವಡೆಯನ್ನು ಮುಟ್ಟಿದರೆ ರಬ್ಬರಿನಂತೆ ಮೆದು. ದೀಪ ಹಾಕಿ ಎಷ್ಟು ದಿನವಾಯಿತು ಎಂದು ವೈದ್ಯರು ಕೇಳಿದರು; ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ಹೊಸ ಟ್ಯೂಬು ಹಾಕಿದ ದಿನವೇ ಅದರ ಹಿಡಿಕೆಗೆ ಒಂದು ಚೀಟಿ ಅಂಟಿಸಿ ತಾರೀಕು ಬರೆಯುತ್ತೇನೆ. ತಯಾರಕರು ಹೇಳಿದ ಅವಧಿಗೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ, ಬದಲಾಯಿಸಿಬಿಡಿ. ಉರಿಯುತ್ತಿದೆಯಲ್ಲ ಎಂದು ಜಿಪುಣತನ ಮಾಡಬೇಡಿ.

ನೆಲಕ್ಕೆ ಹಳೆಯ ಪತ್ರಿಕೆಯೋ ಒರಟು ಟೈಲೋ ಸಾಕು. ಮರುಭೂಮಿಯ ಪ್ರಾಣಿಗೆ ಮರಳು ಬೇಡವೇ ಎಂದು ಕೇಳುತ್ತಾರೆ. ಅದರ ತವರಿನ ನೆಲ ಬಹುಪಾಲು ಗಟ್ಟಿಮಣ್ಣು, ಅಂಗಡಿಯ ಸಡಿಲ ಮರಳಲ್ಲ. ಮರಿಗಳು ಹುಳುವಿನ ಜೊತೆ ಮರಳನ್ನೂ ನುಂಗಿ ಕರುಳು ಕಟ್ಟಿಕೊಳ್ಳುತ್ತವೆ.

ಊಟ

ಮರಿಗೆ ಹುಳುವೇ ಮುಖ್ಯ, ಬೆಳೆದದ್ದಕ್ಕೆ ಸೊಪ್ಪೇ ಮುಖ್ಯ. ಚಿಮ್ಮಂಡೆಯಾಗಲಿ ಸಾಕಿದ ಜಿರಳೆಯಾಗಲಿ, ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬಾರದು. ಹುಳುಗಳಿಗೂ ಹಿಂದಿನ ದಿನವೇ ಹೊಟ್ಟೆ ತುಂಬ ಸೊಪ್ಪು ತಿನ್ನಿಸಿ, ಕೊಡುವ ಮುನ್ನ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ಸಾಸಿವೆ ಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ತುರಿದ ಸಿಹಿಗುಂಬಳ ಒಳ್ಳೆಯವು. ಪಾಲಕ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವುದರಿಂದ ದಿನವೂ ಬೇಡ. ಬೆಣ್ಣೆಹಣ್ಣು ವಿಷ. ಮಿಂಚುಹುಳುವಂತೂ ಒಂದೇ ಒಂದು ಸಾಕು, ಪ್ರಾಣ ತೆಗೆಯಲು. ಬೆಳೆದ ಓತಿಗೆ ಪ್ರೀತಿಯಿಂದ ದಿನವೂ ಹುಳು ಉಣಿಸಿದರೆ ಬೊಜ್ಜು ಬಂದು ಪಿತ್ತಜನಕಾಂಗ ಕೆಡುತ್ತದೆ.

ಜೊತೆ ಬೇಡ

ಒಂಟಿಯಾಗಿದೆ, ಪಾಪ ಎಂದು ಇನ್ನೊಂದನ್ನು ತರಬೇಡಿ. ಗಂಡುಗಳು ಕಾದಾಡುತ್ತವೆ. ಬಾಲ ತುಂಡಾದರೆ ಗೌಳಿಯದು ಮತ್ತೆ ಬೆಳೆಯುತ್ತದೆ, ಇದರದು ಬೆಳೆಯುವುದಿಲ್ಲ. ಎತ್ತಿಕೊಳ್ಳುವಾಗ ಮೇಲಿನಿಂದ ಕೈ ತರಬಾರದು. ಅದರ ನೆತ್ತಿಯ ಮೇಲೆ ಬೆಳಕು ನೆರಳನ್ನು ಗುರುತಿಸುವ ಪುಟ್ಟ ಮೂರನೆಯ ಕಣ್ಣಿದೆ. ಎರಗುವ ನೆರಳೆಂದರೆ ಅದಕ್ಕೆ ಹದ್ದು. ಪಕ್ಕದಿಂದ ಹೊಟ್ಟೆಯಡಿ ಕೈ ಇಟ್ಟು ಎತ್ತಿ. ಗಂಟಲಡಿಯ ಗಡ್ಡ ಕಪ್ಪಾಗಿ ಉಬ್ಬಿತೆಂದರೆ ಬಿಟ್ಟುಬಿಡಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಲೇಬೇಕು. ಆರೋಗ್ಯವಾಗಿ ಕಾಣುವ ಓತಿಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿಂದ ಅದನ್ನು ದೂರವೇ ಇಡಿ.

ಬೆಳೆದ ಓತಿ ಚಳಿಗಾಲದಲ್ಲಿ ವಾರಗಟ್ಟಲೆ ಊಟ ಬಿಟ್ಟು ಮಲಗಿದರೆ ಗಾಬರಿಯಾಗಬೇಡಿ, ಅದು ಸಹಜ ನಿದ್ದೆ. ಆದರೆ ತೂಕ ಇಳಿಯುತ್ತಲೇ ಹೋದರೆ ಅದು ಕಾಯಿಲೆಯಿರಬಹುದು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೊಂದನ್ನು ಓತಿಗೆಂದೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಗಿ ಬರೆದಿಡಿ. ಸರೀಸೃಪಗಳನ್ನು ಬಲ್ಲ ವೈದ್ಯರಲ್ಲಿ ವರ್ಷಕ್ಕೊಮ್ಮೆ ಮಲ ಪರೀಕ್ಷೆ ಮಾಡಿಸಿ.

ವಯಸ್ಸಾದಂತೆ ಓತಿ ಹತ್ತುವುದನ್ನು ಕಡಿಮೆ ಮಾಡುತ್ತದೆ. ಆಗ ದೀಪದ ಕೆಳಗಿನ ಕಲ್ಲನ್ನು ತಗ್ಗಿಸಿ, ದೀಪವನ್ನೂ ಅಷ್ಟೇ ಇಳಿಸಿ, ಥರ್ಮಾಮೀಟರ್ ಇಟ್ಟು ಮತ್ತೊಮ್ಮೆ ಅಳೆಯಿರಿ.